ಜ್ವರ ಬಿಟ್ಟಿತು, ಹೃದಯ ನೋಡಿದಿರಾ?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಿಂದ ದಿನ ಬೆಳಗಾದರೆ ಸಾವಿನ ಸುದ್ದಿ ಬರುತ್ತಿತ್ತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂದು ವರದಿಯಾಯಿತು. ಅವರಲ್ಲಿ ಹಲವರದು ಇನ್ನೂ ದುಡಿಯುವ ವಯಸ್ಸು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ಎದೆಯಲ್ಲಿ ಏನೂ ತೊಂದರೆ ಇಲ್ಲದವರೂ ‘ಯಾವುದಕ್ಕೂ ಒಂದು ಇಸಿಜಿ ಮಾಡಿಸಿಬಿಡೋಣ’ ಎಂದು ಬಸ್ಸು ಹತ್ತಿದರು.

ಆಮೇಲೆ ಶುರುವಾದದ್ದು ಜಗಳ. ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬರೆದರು. ಲಸಿಕೆಗೂ ಈ ಸಾವುಗಳಿಗೂ ಸಂಬಂಧವಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಉತ್ತರಿಸಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಾಗ ಕಂಡದ್ದು ಹಳೆಯ ಆರೋಪಿಗಳೇ: ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಸಿಗರೇಟು, ಮನೆತನದಲ್ಲಿ ಹರಿದುಬಂದ ಹೃದ್ರೋಗ. ವರದಿಯಾದ ಸಾವುಗಳಲ್ಲಿ ಕೆಲವು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ ಎಂಬುದೂ ಗೊತ್ತಾಯಿತು. ಒಂದೆರಡು ವಾರ ಟೀವಿ ಚರ್ಚೆಗಳು ನಡೆದವು, ಆಮೇಲೆ ವಿಷಯ ತಣ್ಣಗಾಯಿತು.

ಈ ಗದ್ದಲದಲ್ಲಿ ಒಂದು ಮಾತು ಹೆಚ್ಚಾಗಿ ಕೇಳಿಬರಲಿಲ್ಲ. ಲಸಿಕೆ ಹೃದಯಕ್ಕೆ ಏನು ಮಾಡುತ್ತದೆ ಎಂದು ರಾಜ್ಯವೆಲ್ಲ ಕೇಳಿತು. ವೈರಸ್ ಹೃದಯಕ್ಕೆ ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ವೈದ್ಯವಿಜ್ಞಾನದ ಬಳಿ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ಹಾಸನದ ಸಾವುಗಳಿಗೆ ಅದು ವಿವರಣೆಯಾಗಲಿಕ್ಕಿಲ್ಲ. ಆದರೆ ಪ್ರತಿ ಮಳೆಗಾಲದಲ್ಲೂ ರಾಜ್ಯದ ಆಸ್ಪತ್ರೆಗಳಲ್ಲಿ ಆಗುವ ಸಾವುನೋವಿಗೆ ಅದು ನೇರವಾಗಿ ತಾಗುತ್ತದೆ.

ಮೊದಲು ಲಸಿಕೆಯ ಮಾತನ್ನು ಪ್ರಾಮಾಣಿಕವಾಗಿ ಮುಗಿಸಿಬಿಡೋಣ. ಅಡ್ಡಪರಿಣಾಮವೇ ಇಲ್ಲ ಎನ್ನುವುದು ಸುಳ್ಳು. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು. ವಿದೇಶಗಳಲ್ಲಿ ಕೊಟ್ಟ ಎಂಆರ್‌ಎನ್‌ಎ ಲಸಿಕೆಗಳಿಂದ ಹರೆಯದ ಗಂಡುಮಕ್ಕಳಲ್ಲಿ ಅಪರೂಪಕ್ಕೆ ಹೃದಯಸ್ನಾಯುವಿನ ಉರಿಯೂತ ಕಾಣಿಸಿಕೊಂಡಿದೆ. ಇವೆರಡೂ ಚುಚ್ಚುಮದ್ದಿನ ಬೆನ್ನಿಗೇ, ಕೆಲವು ದಿನ ಅಥವಾ ವಾರಗಳೊಳಗೆ ಬರುವಂಥವು. ಮೂರು ನಾಲ್ಕು ವರ್ಷ ಸುಮ್ಮನಿದ್ದು ಒಂದು ದಿನ ಎದ್ದು ಬರುವಂಥವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಬಗ್ಗೆ ಒಂದು ಅಧ್ಯಯನವನ್ನೂ ಮಾಡಿತು. 47 ದೊಡ್ಡ ಆಸ್ಪತ್ರೆಗಳ ಮೂಲಕ, 18ರಿಂದ 45 ವಯಸ್ಸಿನ ನಡುವೆ ಕಾರಣ ತಿಳಿಯದೆ ಹಠಾತ್ತನೆ ಸತ್ತ 729 ಮಂದಿಯ ವಿವರವನ್ನು ಬದುಕಿರುವ 2,916 ಮಂದಿಯ ವಿವರದ ಜೊತೆ ಇಟ್ಟು ನೋಡಿತು. ಎರಡು ಡೋಸ್ ಪಡೆದವರಲ್ಲಿ ಅಂಥ ಸಾವಿನ ಸಾಧ್ಯತೆ ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಹಿಂದೆ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ, ಸುಮಾರು ನಾಲ್ಕು ಪಟ್ಟು. ಮನೆಯಲ್ಲಿ ಹಿಂದೆ ಯಾರಾದರೂ ಹಠಾತ್ತನೆ ಸತ್ತಿದ್ದರೆ, ಸಾವಿಗೆ ಮುಂಚಿನ ಎರಡು ದಿನಗಳೊಳಗೆ ಮಿತಿಮೀರಿ ಕುಡಿದಿದ್ದರೆ, ಮೈಮುರಿಯುವ ಕಸರತ್ತು ಮಾಡಿದ್ದರೆ ಆಗಲೂ ಅಪಾಯ ಏರಿತ್ತು. ಲಸಿಕೆಯ ಮೇಲೆ ಬೆರಳು ತೋರಿಸಿದವರಾಗಲಿ, ಲಸಿಕೆಯ ಪರ ನಿಂತವರಾಗಲಿ, ‘ಆಸ್ಪತ್ರೆ ಸೇರುವಷ್ಟು ಜೋರಾದ ಸೋಂಕು’ ಎಂಬ ಆ ಸಾಲಿನ ಹತ್ತಿರ ನಿಲ್ಲಲಿಲ್ಲ. ಅಲ್ಲಿ ನಿಲ್ಲಬೇಕಿತ್ತು.

ವೈರಸ್ ಹೃದಯಕ್ಕೆ ತೊಂದರೆ ಕೊಡಲು ಹೃದಯದೊಳಕ್ಕೆ ಹೋಗಲೇಬೇಕೆಂದಿಲ್ಲ. ಜೋರು ಜ್ವರವೆಂದರೆ ಇಡೀ ದೇಹ ಕಾದಾಟಕ್ಕೆ ಇಳಿದ ಹಾಗೆ. ನಾಡಿ ಓಡುತ್ತದೆ, ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದೇ ಹೊತ್ತಿಗೆ ಶ್ವಾಸಕೋಶ ಕಟ್ಟಿಕೊಂಡಿದ್ದರೆ ಸಿಗುವ ಆಮ್ಲಜನಕವೇ ಕಡಿಮೆ. ಸೋಂಕಿನ ವಿರುದ್ಧ ಹರಿದಾಡುವ ಉರಿಯೂತದ ರಾಸಾಯನಿಕಗಳು ರಕ್ತನಾಳದ ಗೋಡೆಗೆ ಅಂಟಿರುವ ಕೊಬ್ಬಿನ ಗಡ್ಡೆಯನ್ನು ಕೆಣಕಿ ಬಿರುಕು ಬಿಡಿಸಬಲ್ಲವು. ರಕ್ತವೂ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬಂದಿರುತ್ತದೆ. ಇಪ್ಪತ್ತು ವರ್ಷದಿಂದ ಸದ್ದಿಲ್ಲದೆ ಕೂತಿದ್ದ ಬ್ಲಾಕೇಜ್ ಒಂದು ವಾರದ ಫ್ಲೂನಲ್ಲಿ ಪ್ರಾಣಕ್ಕೆ ಬರುವುದು ಹೀಗೆ.

ಇದಕ್ಕೆ ಲೆಕ್ಕವೂ ಇದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಪ್ರಯೋಗಾಲಯದಲ್ಲೇ ಖಚಿತವಾದ ಫ್ಲೂ ರೋಗಿಗಳ ದಾಖಲೆ ತೆಗೆದು, ಅವರಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 364 ಪ್ರಕರಣಗಳನ್ನು ಸಂಶೋಧಕರು ಹುಡುಕಿದರು. ಫ್ಲೂ ಪತ್ತೆಯಾದ ಮೊದಲ ಏಳು ದಿನಗಳಲ್ಲಿ ಆದವು 20. ಅದೇ ಜನರಿಗೆ ಹಿಂದಿನ, ಮುಂದಿನ ವರ್ಷದ ಮಾಮೂಲಿ ವಾರಗಳಲ್ಲಿ ಆದದ್ದು ವಾರಕ್ಕೆ ಮೂರು ಚಿಲ್ಲರೆ. ಅಂದರೆ ಆರು ಪಟ್ಟು ಅಪಾಯ. 2018ರಲ್ಲಿ ಇದು ಪ್ರಕಟವಾಯಿತು. ಈ ಲೆಕ್ಕದ ಸೊಗಸು ಏನೆಂದರೆ ಇಲ್ಲಿ ಒಬ್ಬ ಮನುಷ್ಯನನ್ನು ಅವನ ಜೊತೆಗೇ ಹೋಲಿಸಲಾಗಿದೆ. ಅವನ ವಯಸ್ಸು, ಅವನ ಸಿಗರೇಟು, ಅವನ ಅಪ್ಪನ ಕಾಯಿಲೆ ಯಾವುದೂ ಬದಲಾಗಿಲ್ಲ. ಬದಲಾದದ್ದು ಆ ವಾರದ ಜ್ವರ ಒಂದೇ.

ಕೋವಿಡ್ ಈ ಅಪಾಯದ ಅವಧಿಯನ್ನು ಇನ್ನಷ್ಟು ಎಳೆಯಿತು. ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆ ದಾಖಲೆಗಳಲ್ಲಿ ಕೋವಿಡ್ ಬಂದು ಹೋದ 1,53,760 ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಬಂತು. ಸೋಂಕು ತಗಲದವರಿಗಿಂತ ಅವರಲ್ಲಿ ಹೃದಯ ವೈಫಲ್ಯ ಶೇ 72ರಷ್ಟು, ಪಾರ್ಶ್ವವಾಯು ಶೇ 52ರಷ್ಟು ಹೆಚ್ಚು ಕಂಡಿತು. ಆಸ್ಪತ್ರೆ ಸೇರದೆ ಮನೆಯಲ್ಲೇ ಗುಣವಾದವರಲ್ಲೂ ಅಪಾಯ ಸ್ವಲ್ಪ ಏರಿತ್ತು, ಐಸಿಯುಗೆ ಹೋದವರಲ್ಲಿ ಬಹಳ. ಆ ಯೋಧರಲ್ಲಿ ಹೆಚ್ಚಿನವರು ಬಿಳಿಯ ಗಂಡಸರು, ವಯಸ್ಸಾದವರು. ಹಾಗಾಗಿ ಶೇಕಡಾವಾರನ್ನು ಹಾಸನಕ್ಕೋ ಹಾವೇರಿಗೋ ಹಾಗೇ ತಂದು ಹಚ್ಚಲಾಗದು. ದಿಕ್ಕು ಮಾತ್ರ ಸ್ಪಷ್ಟ: ಸೋಂಕು ಜೋರಾದಷ್ಟೂ ಹೃದಯದ ಅಪಾಯ ಜಾಸ್ತಿ, ಮೊದಲ ಕೆಲವು ವಾರಗಳಲ್ಲಿ ಅತಿ ಜಾಸ್ತಿ.

ಕೆಲವು ವೈರಸ್‌ಗಳು ನೇರವಾಗಿ ಹೃದಯಸ್ನಾಯುವಿಗೇ ಕೈ ಹಾಕುತ್ತವೆ. ಮಕ್ಕಳಿಗೆ ಸಾಮಾನ್ಯ ನೆಗಡಿ, ಹೊಟ್ಟೆ ತೊಂದರೆ ಕೊಟ್ಟು ಹೋಗುವ ಕಾಕ್ಸಾಕಿ ಬಿ ಎಂಬುದು ಈ ಗುಂಪಿನದು. ಸ್ನಾಯುಕೋಶದ ಹಂದರವನ್ನು ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ಅದರ ಕಿಣ್ವವೊಂದು ಕತ್ತರಿಸಿಹಾಕುತ್ತದೆ. ಅದರ ಮೇಲೆ ದೇಹದ ರಕ್ಷಣಾ ಕೋಶಗಳೂ ಅಲ್ಲಿಗೆ ನುಗ್ಗಿ, ವೈರಸ್ ಹಿಡಿದ ಕೋಶದ ಜೊತೆಗೆ ಪಕ್ಕದ ಒಳ್ಳೆಯ ಕೋಶಕ್ಕೂ ಹೊಡೆಯುತ್ತವೆ. ಮಯೋಕಾರ್ಡೈಟಿಸ್ ಎನ್ನುವುದು ಇದಕ್ಕೇ. ಬಹುಪಾಲು ಜನರಿಗೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವರ ಹೃದಯ ಹಿಗ್ಗಿ ದುರ್ಬಲವಾಗುತ್ತದೆ, ಮತ್ತೆ ಕೆಲವರಿಗೆ ಬಡಿತ ತಾಳತಪ್ಪಿ ಹಠಾತ್ ಸಾವು ಬರುತ್ತದೆ. ಗಂಡಸರಿಗೆ, ಅದರಲ್ಲೂ ಯುವಕರಿಗೆ ಇದು ಹೆಚ್ಚು.

ಜ್ವರ ಬಿಟ್ಟ ಮೂರನೇ ದಿನ ಜಿಮ್ಮಿಗೆ ಓಡುವ ಹುಡುಗರಿಗೆ ಇಬ್ಬರು ಆಟಗಾರರ ಕಥೆ ಹೇಳಬೇಕು. ಬಾಸ್ಟನ್ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಎಸೆತಗಾರ ಎಡ್ವಾರ್ಡೊ ರಾಡ್ರಿಗಸ್‌ಗೆ 2020ರಲ್ಲಿ ಕೋವಿಡ್ ಬಂದು, ಹೃದಯಸ್ನಾಯುವಿನ ಉರಿಯೂತ ಕಂಡಿತು. ಆ ಇಡೀ ಋತು ಅವರನ್ನು ಮೈದಾನಕ್ಕೆ ಬಿಡಲಿಲ್ಲ. 2022ರ ಜನವರಿಯಲ್ಲಿ ಬೈಯರ್ನ್ ಮ್ಯೂನಿಕ್‌ನ ಫುಟ್‌ಬಾಲಿಗ ಅಲ್ಫೋನ್ಸೊ ಡೇವಿಸ್‌ಗೂ ಕೋವಿಡ್ ನಂತರ ಅದೇ ತೊಂದರೆ, ಸೌಮ್ಯ ರೂಪದಲ್ಲಿ. ಅವರು ಮತ್ತೆ ಆಡಿದ್ದು ಏಪ್ರಿಲ್‌ನಲ್ಲಿ. ಜಗತ್ತಿನ ಅತಿ ವೇಗದ ಆಟಗಾರರಲ್ಲಿ ಒಬ್ಬನನ್ನು, ಕೋಟಿಗಟ್ಟಲೆ ಸಂಬಳ ಕೊಡುವ ಕ್ಲಬ್ಬೇ ತಿಂಗಳುಗಟ್ಟಲೆ ಕೂರಿಸಿತು. ಇಬ್ಬರೂ ವಾಪಸು ಬಂದು ಆಡಿದರು. ಇಲ್ಲಿ ಹಳ್ಳಿಯ ಕಬಡ್ಡಿ ಆಟಗಾರನಿಗೋ ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುವ ಹುಡುಗನಿಗೋ ‘ಸ್ವಲ್ಪ ದಿನ ಓಡಬೇಡಪ್ಪ, ಎದೆ ಹೊಡೆದುಕೊಂಡರೆ ಬಂದು ತೋರಿಸು’ ಎಂದು ಹೇಳುವವರು ಯಾರು?

ಆದರೆ ಕರ್ನಾಟಕದಲ್ಲಿ ರಕ್ತಪರಿಚಲನೆಯನ್ನೇ ಬುಡಮೇಲು ಮಾಡುವ ವೈರಸ್ ಎಂದರೆ ಡೆಂಗಿ. ಮತ್ತು ನಾವು ಅತಿ ತಪ್ಪಾಗಿ ತಿಳಿದುಕೊಂಡಿರುವುದೂ ಅದನ್ನೇ.

ಮಳೆಗಾಲದ ಯಾವುದೇ ಜಿಲ್ಲಾ ಆಸ್ಪತ್ರೆಯ ಜ್ವರದ ವಾರ್ಡು ನೋಡಿ. ಮಂಚದ ಪಕ್ಕ ನಿಂತ ತಮ್ಮನೋ ಭಾವನೋ ಲ್ಯಾಬ್ ಚೀಟಿಯ ಫೋಟೋ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿರುತ್ತಾನೆ: ‘ನಿನ್ನೆ ತೊಂಬತ್ತು ಸಾವಿರ ಇತ್ತು, ಇವತ್ತು ಅರವತ್ತಕ್ಕೆ ಬಂತು.’ ಆ ಕಡೆಯಿಂದ ಪಪ್ಪಾಯಿ ಎಲೆಯ ರಸ, ಕಿವಿ ಹಣ್ಣು, ಆಡಿನ ಹಾಲು ಎಂದು ಸಲಹೆಗಳು ಬೀಳುತ್ತವೆ. ಇನ್ನೊಬ್ಬರು ಪ್ಲೇಟ್‌ಲೆಟ್ ದಾನಿಯನ್ನು ಹುಡುಕಲು ಹೊರಟಿರುತ್ತಾರೆ. ರೋಗಿಗೆ ಜ್ವರ ಇಳಿದಿದೆ, ಎದ್ದು ಕೂತು ಮಾತಾಡುತ್ತಿದ್ದಾನೆ, ಮನೆಯವರಿಗೆ ಅರ್ಧ ನೆಮ್ಮದಿ. ನರ್ಸ್ ಬಂದು ಬಿಪಿ ನೋಡಿ 100/80 ಎಂದು ಬರೆದುಕೊಳ್ಳುತ್ತಾರೆ. ನೂರು ಇದೆಯಲ್ಲ, ಪರವಾಗಿಲ್ಲ ಎನಿಸುತ್ತದೆ. ಅನುಭವಿ ವೈದ್ಯರು ಅದೇ ಸಂಖ್ಯೆ ನೋಡಿ ಬೆಚ್ಚುತ್ತಾರೆ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಬರೀ 20. ಕೈಕಾಲು ಮುಟ್ಟಿ ನೋಡಿದರೆ ತಣ್ಣಗಿರುತ್ತವೆ. ಬೆಳಗಿನಿಂದ ಮೂತ್ರಕ್ಕೆ ಹೋಗಿಲ್ಲ. ಹೊಟ್ಟೆ ನೋವು ಎಂದು ಆಗಾಗ ಮಗ್ಗುಲಾಗುತ್ತಾನೆ. ಡೆಂಗಿ ಶಾಕ್‌ನ ಹೊಸ್ತಿಲು ಎಂದರೆ ಇದೇ.

ಆಗಿರುವುದೇನು? ಬೋರ್‌ವೆಲ್ಲಿನ ಮೋಟಾರು ಸರಿಯಾಗಿಯೇ ಓಡುತ್ತಿದೆ, ಆದರೆ ಪೈಪಿನ ಉದ್ದಕ್ಕೂ ಸಣ್ಣ ತೂತು ಬಿದ್ದು ನೀರು ಹೊಲಕ್ಕೆ ತಲುಪುತ್ತಿಲ್ಲ. ಡೆಂಗಿ ವೈರಸ್ ಸ್ರವಿಸುವ ಎನ್‌ಎಸ್1 ಎಂಬ ಪ್ರೋಟೀನು, ಅದರ ಜೊತೆಗೆ ದೇಹದ ಸ್ವಂತ ಉರಿಯೂತ, ಎರಡೂ ಸೇರಿ ಸೂಕ್ಷ್ಮ ರಕ್ತನಾಳಗಳ ಒಳಲೇಪವನ್ನು ಸವೆಸುತ್ತವೆ. ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ನಾಳದಿಂದ ಸೋರಿ ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಸೇರಿಕೊಳ್ಳುತ್ತದೆ. ಉಳಿದ ರಕ್ತ ಗಟ್ಟಿಯಾಗುತ್ತದೆ. ಅದನ್ನು ತೋರಿಸುವುದು ಪ್ಲೇಟ್‌ಲೆಟ್ ಸಂಖ್ಯೆಗಿಂತ ಹೆಚ್ಚಾಗಿ ಅದೇ ಚೀಟಿಯಲ್ಲಿರುವ, ಯಾರೂ ವಾಟ್ಸ್‌ಆ್ಯಪ್‌ಗೆ ಹಾಕದ, ರಕ್ತದಲ್ಲಿ ಕೆಂಪುಕಣಗಳ ಪಾಲು ಹೇಳುವ ಪಿಸಿವಿ ಎಂಬ ಸಾಲು. ಈ ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಕಾಯಿಲೆಯ ಮೂರರಿಂದ ಏಳನೇ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. ಒಂದೆರಡು ದಿನ ಇರುತ್ತದೆ. ಆ ಹೊತ್ತಿನಲ್ಲಿ ಅಳತೆಯರಿತು ದ್ರವ ಕೊಟ್ಟು ಕಾದರೆ ತೀವ್ರ ಡೆಂಗಿಯಲ್ಲೂ ಸಾವು ಶೇ 1ಕ್ಕಿಂತ ಕೆಳಗೆ ಇಳಿಯುತ್ತದೆ. ಗಮನಿಸದೆ ಬಿಟ್ಟರೆ ಶೇ 20 ದಾಟಬಹುದು.

ಅಳತೆಯರಿತು ಎಂದದ್ದಕ್ಕೆ ಕಾರಣವಿದೆ. ಸೋರಿಕೆ ನಿಂತ ಮೇಲೆ ಹೊರಗೆ ಹೋದ ದ್ರವವೆಲ್ಲ ಎರಡು ಮೂರು ದಿನಗಳಲ್ಲಿ ನಾಳಕ್ಕೆ ವಾಪಸು ಬರುತ್ತದೆ. ಆಗಲೂ ಡ್ರಿಪ್ ಮೇಲೆ ಡ್ರಿಪ್ ಏರಿಸುತ್ತಾ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಹೃದಯ ಸೋತುಹೋಗುತ್ತದೆ. ಡೆಂಗಿ ಕೆಲವರ ಹೃದಯಸ್ನಾಯುವನ್ನೂ ತಟ್ಟುತ್ತದೆ, ನಾಡಿ ನಿಧಾನವಾಗುತ್ತದೆ. ಅಂಥವರಲ್ಲಿ ಈ ಅಪಾಯ ಇಮ್ಮಡಿ. ‘ಇನ್ನೂ ಒಂದು ಬಾಟಲಿ ಹಾಕಿ ಡಾಕ್ಟ್ರೇ, ಸುಸ್ತು ಅಂತಾನೆ’ ಎಂದು ಒತ್ತಾಯಿಸುವ ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿರುವ ವೈದ್ಯರೂ ಕೆಲವೊಮ್ಮೆ ಒತ್ತಡಕ್ಕೆ ಮಣಿಯುತ್ತಾರೆ.

ಪ್ಲೇಟ್‌ಲೆಟ್ ಮೋಹದ ಬಗ್ಗೆಯೂ ಒಂದು ಪುರಾವೆ ಇದೆ. ಸಿಂಗಪುರ ಮತ್ತು ಮಲೇಷ್ಯಾದ ಐದು ಆಸ್ಪತ್ರೆಗಳಲ್ಲಿ, ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದ, ಆದರೆ ಗಂಭೀರ ರಕ್ತಸ್ರಾವವಿಲ್ಲದ 372 ವಯಸ್ಕ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮುನ್ನೆಚ್ಚರಿಕೆಗಾಗಿ ಪ್ಲೇಟ್‌ಲೆಟ್ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದರು. 2017ರಲ್ಲಿ ಬಂದ ಫಲಿತಾಂಶ: ರಕ್ತಸ್ರಾವ ಗಣನೀಯವಾಗಿ ಕಡಿಮೆಯಾಗಲಿಲ್ಲ, ಪಡೆದವರಲ್ಲಿ ಅಡ್ಡಪರಿಣಾಮಗಳೇ ಹೆಚ್ಚಾದವು. ಇಷ್ಟಾದರೂ ಪ್ರತಿ ಸೀಸನ್ನಿನಲ್ಲಿ ರಕ್ತನಿಧಿಗಳ ಮುಂದೆ ನೂಕುನುಗ್ಗಲು ತಪ್ಪಿಲ್ಲ.

2024ರಲ್ಲಿ ರಾಜ್ಯದ ಡೆಂಗಿ ಪ್ರಕರಣಗಳು 25,000 ದಾಟಿದಾಗ ಸರ್ಕಾರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ಒಳ್ಳೆಯದೇ, ಸೊಳ್ಳೆಯಿಲ್ಲದಿದ್ದರೆ ಡೆಂಗಿಯೂ ಇಲ್ಲ. ಆದರೆ ತೊಟ್ಟಿಯಲ್ಲಿ ಮರಿಹುಳು ಎಣಿಸಲು ತೋರಿದ ಉತ್ಸಾಹವನ್ನು, ಜ್ವರ ಇಳಿದ ದಿನ ಬಿಪಿಯ ಅಂತರ ನೋಡಬೇಕೆಂದು ಜನರಿಗೆ ಕಲಿಸುವುದರಲ್ಲಿ ಯಾರೂ ತೋರಲಿಲ್ಲ. ರಕ್ತಪರಿಚಲನೆಗೆ ಪೆಟ್ಟು ಕೊಡುವ ವೈರಸ್ ಕನ್ನಡನಾಡಿಗೆ ಹೊಸದೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯೂ ಡೆಂಗಿಯ ಬಳಗದ್ದೇ. ಅದು ಉಣ್ಣೆಯಿಂದ ಹರಡುತ್ತದೆ, ಪ್ಲೇಟ್‌ಲೆಟ್ ಇಳಿಸುತ್ತದೆ, ಬಿಪಿಯನ್ನೂ ಇಳಿಸುತ್ತದೆ. ಮಲೆನಾಡಿನ ಆಸ್ಪತ್ರೆಗಳ ಹಿರಿಯ ದಾದಿಯರಿಗೆ ಇದು ಪಾಠವಿಲ್ಲದೆಯೇ ಗೊತ್ತು.

ಇನ್ನು ಸ್ಟೆಂಟ್ ಹಾಕಿಸಿಕೊಂಡವರ ಇಕ್ಕಟ್ಟು. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು, ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಎಂಬುದು ಸರಿಯಾದ ಸಲಹೆ. ಆದರೆ ಸ್ಟೆಂಟ್ ಇರುವವರು ದಿನವೂ ನುಂಗುವುದೇ ಆಸ್ಪಿರಿನ್, ಜೊತೆಗೆ ಹಲವರಿಗೆ ಕ್ಲೋಪಿಡೊಗ್ರೆಲ್. ನಿಲ್ಲಿಸಿದರೆ ಹೊಸ ಸ್ಟೆಂಟ್ ಕಟ್ಟಿಕೊಳ್ಳುವ ಭಯ, ಮುಂದುವರಿಸಿದರೆ ರಕ್ತಸ್ರಾವದ ಭಯ. ಸ್ಟೆಂಟ್ ಹಾಕಿ ಎಷ್ಟು ತಿಂಗಳಾಯಿತು, ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡಿ ಹೃದ್ರೋಗ ತಜ್ಞರು ತೀರ್ಮಾನಿಸಬೇಕಾದ ವಿಷಯವಿದು. ನಡೆಯುತ್ತಿರುವುದು ಬೇರೆ. ಯಾರೋ ಕಳಿಸಿದ ಸಂದೇಶ ನೋಡಿ ಮಾತ್ರೆ ತಾವೇ ಬಿಟ್ಟವರು, ಹೇಳುವುದನ್ನೇ ಮರೆತು ಮಾತ್ರೆ ಮುಂದುವರಿಸಿದವರು, ಇಬ್ಬರೂ ಒಂದೇ ವಾರ್ಡಿನಲ್ಲಿ ಸಿಗುತ್ತಾರೆ.

ಹಾಗಾದರೆ ಆಗಬೇಕಾದದ್ದೇನು? ಮೂಲಸೌಕರ್ಯವಿಲ್ಲ ಎಂಬ ನೆಪ ಈ ರಾಜ್ಯದಲ್ಲಿ ಪೂರ್ತಿ ನಡೆಯುವುದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡು ಬಂದಿದೆ. ಎದೆನೋವು ಎಂದು ಬಂದವರಿಗೆ ಇರುವ ಈ ಬಾಗಿಲನ್ನು ಜ್ವರದ ರೋಗಿಗೂ ತೆರೆಯಬೇಕು. ಜೋರು ಫ್ಲೂ, ಕೋವಿಡ್, ಡೆಂಗಿಯಿಂದ ದಾಖಲಾದವರಲ್ಲಿ ಎದೆನೋವು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತಿ ಬೀಳುವುದು, ತಾಳತಪ್ಪಿದ ನಾಡಿ ಇವುಗಳಲ್ಲಿ ಒಂದಿದ್ದರೂ ಇಸಿಜಿ, ಹೃದಯಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಆಗಲೇಬೇಕು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ಕೊಟ್ಟು ಕಳಿಸುವ ಅಭ್ಯಾಸ ಹೃದಯ ಜ್ಯೋತಿಯ ನಂತರವೂ ಸತ್ತಿಲ್ಲ.

ಎರಡನೆಯದು ಫ್ಲೂ ಲಸಿಕೆ. ಹೃದಯಾಘಾತವಾದ ಕೂಡಲೇ, ಬಹುಪಾಲು ಆಸ್ಪತ್ರೆಯಲ್ಲಿರುವಾಗಲೇ, ಫ್ಲೂ ಲಸಿಕೆ ಹಾಕಿದರೆ ಏನಾಗುತ್ತದೆ ಎಂದು ಬಾಂಗ್ಲಾದೇಶವೂ ಸೇರಿ ಎಂಟು ದೇಶಗಳಲ್ಲಿ ಸುಮಾರು 2,500 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಜನರಿಗೆ ಲಸಿಕೆ, ಉಳಿದರ್ಧಕ್ಕೆ ಬರೀ ಲವಣದ ನೀರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ವರ್ಷದಲ್ಲಿ ಲಸಿಕೆ ಪಡೆದವರಲ್ಲಿ ಸಾವು ಶೇ 41ರಷ್ಟು ಕಡಿಮೆ. ಹೃದ್ರೋಗಿಗಳಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಬೇಕು ಎಂದು ಅಮೆರಿಕ, ಯುರೋಪಿನ ಹೃದ್ರೋಗ ತಜ್ಞರ ಸಂಘಗಳು ಹೇಳುತ್ತಲೇ ಬಂದಿವೆ. ನಮ್ಮಲ್ಲಿ ಆಂಜಿಯೋಪ್ಲಾಸ್ಟಿಗೆ ವಿಮೆಯೂ ಇದೆ, ಸರ್ಕಾರದ ಕಾರ್ಡೂ ಇದೆ. ಅದೇ ಹೃದಯವನ್ನು ಮುಂದಿನ ಜುಲೈ ದಾಟಿಸಬಲ್ಲ ಚುಚ್ಚುಮದ್ದಿಗೆ ರೋಗಿ ತನ್ನ ಜೇಬಿನಿಂದ ಸಾವಿರ ರೂಪಾಯಿಗೂ ಹೆಚ್ಚು ತೆರಬೇಕು. ಬಹುತೇಕರಿಗೆ ಅಂಥದ್ದೊಂದಿದೆ ಎಂದೇ ಯಾರೂ ಹೇಳಿರುವುದಿಲ್ಲ.

ಎಲ್ಲರಿಗೂ ಕೊಡಿ ಎಂದು ಕೇಳುತ್ತಿಲ್ಲ. ಸರ್ಕಾರಿ ಯೋಜನೆಯಡಿ ಸ್ಟೆಂಟ್ ಹಾಕಿಸಿಕೊಂಡವರ, ಬೈಪಾಸ್ ಆದವರ, ಹೃದಯ ವೈಫಲ್ಯದ ಚಿಕಿತ್ಸೆಯಲ್ಲಿರುವವರ ಪಟ್ಟಿ ಫೋನ್ ನಂಬರ್ ಸಮೇತ ಆರೋಗ್ಯ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ. ಅವರಿಂದ ಶುರುಮಾಡಬಹುದು. ಭಾರತದಲ್ಲಿ ಫ್ಲೂ ಎರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ. ಮಳೆಗಾಲಕ್ಕೆ ರಕ್ಷಣೆ ಸಿಗಬೇಕಾದರೆ ಲಸಿಕೆ ಮೇ ತಿಂಗಳೊಳಗೆ ತೋಳಿಗೆ ಬಿದ್ದಿರಬೇಕು. ಅದಕ್ಕೆ ಟೆಂಡರ್ ಚಳಿಗಾಲದಲ್ಲೇ ಕರೆಯಬೇಕು, ಹಣ ಅದಕ್ಕೂ ಹಿಂದಿನ ಬಜೆಟ್ಟಿನಲ್ಲಿ ಇಟ್ಟಿರಬೇಕು. ಜುಲೈನಲ್ಲಿ ಸಮಿತಿ ಮಾಡಿ ಆಗಸ್ಟ್‌ನಲ್ಲಿ ವರದಿ ತರಿಸಿಕೊಂಡರೆ ಆ ವರ್ಷದ ಯಾರಿಗೂ ಅದು ಉಪಯೋಗಕ್ಕೆ ಬರುವುದಿಲ್ಲ.